ಕೊಕ್ಕೆ ಹಾಕುವ ಮೊದಲು

ಅಕ್ಕನ ಬಲಗೈಯ ಹಸಿರು ಗಾಜಿನ ಬಳೆಗಳು ಮಣಿಕಟ್ಟಿನಲ್ಲಿ ಇರುತ್ತಿರಲಿಲ್ಲ. ಅವನ್ನು ಮೊಣಕೈ ಹತ್ತಿರದವರೆಗೆ ಏರಿಸಿ, ಕೆಳಗೆ ಜಾರದಂತೆ ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಕಪ್ಪು ರಬ್ಬರು ಪಟ್ಟಿಯೊಂದನ್ನು ಹಾಕಿಕೊಂಡಿರುತ್ತಿದ್ದರು. ಕ್ರೇನಿನ ಉಕ್ಕಿನ ಹಗ್ಗ ಸುತ್ತಿಕೊಳ್ಳುವಾಗ ಬಳೆ ಅದಕ್ಕೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಬಳೆ ತೆಗೆದಿಟ್ಟು ಕೆಲಸ ಮಾಡಬಾರದೇ ಎಂದು ಯಾರಾದರೂ ಬುದ್ಧಿ ಹೇಳಿದರೆ ಸಿಟ್ಟಾಗುತ್ತಿದ್ದರು. 'ಗಂಡ ಗಟ್ಟಿಮುಟ್ಟಾಗಿ ಕುರಿ ಕಾಯ್ತಾ ಅದಾನೆ, ನಾನ್ಯಾಕ್ರೀ ಬಳೆ ತೆಗೀಲಿ?' ಕೇಳಿದವರು ಮತ್ತೆ ಆ ವಿಷಯಕ್ಕೆ ಬರುತ್ತಿರಲಿಲ್ಲ.

ಶಿಕಾರಿಪುರದ ಹೊರಗೆ, ಶಿರಾಳಕೊಪ್ಪದ ರಸ್ತೆಗೆ ತಾಗಿ ಅವರ ಯಾರ್ಡು. ಕೆಟ್ಟು ನಿಂತ, ಗುದ್ದಿದ, ಹಳ್ಳಕ್ಕೆ ಬಿದ್ದ ವಾಹನಗಳನ್ನು ಎತ್ತಿ ಗ್ಯಾರೇಜಿಗೋ ಪೊಲೀಸ್ ಠಾಣೆಗೋ ತಲುಪಿಸುವ ಕೆಲಸ. ಇದ್ದದ್ದು ಎರಡು ಕ್ರೇನ್ ಗಾಡಿ. ದೊಡ್ಡದು ಯಾರ್ಡಿನಲ್ಲಿ, ಸಣ್ಣದು ಸೊರಬದಲ್ಲಿ ಪೆಟ್ರೋಲ್ ಬಂಕಿನ ಪಕ್ಕ ನಿಂತಿರುತ್ತಿದ್ದವು. ಅಕ್ಕ ಆನವಟ್ಟಿ ಕಡೆಯ ಹಳ್ಳಿಯವರು. ಗಂಡನ ಮನೆಯಲ್ಲಿ ಹೊಲವೂ ಇತ್ತು, ಕುರಿ ಹಿಂಡೂ ಇತ್ತು. ಗಂಡ ವರ್ಷದ ಅರ್ಧ ಕುರಿಗಳ ಜೊತೆ ದಾವಣಗೆರೆಯ ಬಯಲಿನಲ್ಲಿರುತ್ತಿದ್ದರು. ಟ್ರ್ಯಾಕ್ಟರ್ ಹೊಡೆದು ಕೈ ಪಳಗಿದ್ದ ಅಕ್ಕ ಕ್ರೇನಿಗೆ ಯಾಕೆ ಬಂದರು ಎಂಬುದಕ್ಕೆ ಊರು ಹತ್ತು ಕಥೆ ಹೇಳುತ್ತಿತ್ತು. ಅವರು ಮಾತ್ರ ಏನೂ ಹೇಳುತ್ತಿರಲಿಲ್ಲ.

ನಾನು ಬಸ್ ಸ್ಟ್ಯಾಂಡಿನ ಬಳಿ ಒಂದು ಮೊಬೈಲ್ ಅಂಗಡಿಯಲ್ಲಿದ್ದೆ. ಒಂದು ದಿನ ಅಕ್ಕ ಗ್ರೀಸು ಮೆತ್ತಿದ ಫೋನು ತಂದು ನನ್ನ ಮುಂದಿಟ್ಟರು. ನಾನು ಅದನ್ನು ಬಿಚ್ಚುತ್ತಲೇ ಇನ್ನೊಬ್ಬ ಗಿರಾಕಿಯ ಜೊತೆ ಫೋನಿನಲ್ಲಿ ಜಗಳ ಬಗೆಹರಿಸುತ್ತಿದ್ದೆ. ಎಲ್ಲ ಕೇಳಿಸಿಕೊಂಡು, 'ನೀನು ಕೂಗಲ್ಲ ಕಣಪ್ಪ. ನಮ್ಮಲ್ಲಿಗೆ ಬಾ. ನಮ್ಗೆ ಫೋನ್ ಮಾಡೋರೆಲ್ಲ ಕೂಗ್ತಾ ಇರ್ತಾರೆ, ಎತ್ಕಳ್ಳೋನಾದ್ರೂ ಕೂಗದೇ ಇರೋನು ಬೇಕು' ಎಂದರು. ಹಾಗೆ ನಾನು ಅವರ ಯಾರ್ಡಿನ ತಗಡಿನ ಶೆಡ್ಡಿಗೆ ಬಂದೆ. ಕರೆ ಬಂದಾಗ ಎಲ್ಲಿ, ಏನು ಎಂದು ಕೇಳಿಕೊಂಡು, ಯಾವ ಗಾಡಿ ಹೋಗಬೇಕು ಎಂದು ಡ್ರೈವರಿಗೆ ತಿಳಿಸುವುದು ನನ್ನ ಕೆಲಸವಾಯಿತು.

ಮೊದಲ ದಿನವೇ ಬೈಸಿಕೊಂಡೆ. ಕರೆ ಬಂದ ಕೂಡಲೇ ಯಾವ ಗಾಡಿ, ಯಾವ ಮಾಡೆಲ್ಲು ಎಂದು ಕೇಳಿದ್ದೆ. ಅಕ್ಕ ಫೋನು ಕಿತ್ತುಕೊಂಡರು. 'ಮೊದ್ಲು ಮನುಷ್ಯರ ಸುದ್ದಿ ಕೇಳು. ಗಾಡಿದು ಆಮೇಲೆ.' ಈ ಮಾತನ್ನು ಅವರು ನನಗೆ ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಇವತ್ತಿಗೂ ಫೋನು ಎತ್ತಿದರೆ ನನ್ನ ಬಾಯಿಂದ ಮೊದಲು ಹೊರಡುವುದು 'ಯಾರಿಗೂ ಪೆಟ್ಟಾಗಿಲ್ಲ ತಾನೇ?' ಎಂಬುದೇ. ಮೊನ್ನೆ ನನ್ನ ಮಾವನೇ ಫೋನು ಮಾಡಿದಾಗಲೂ ಹಾಗೇ ಕೇಳಿ, ಮನೆಯಲ್ಲಿ ನಗೆಪಾಟಲಾದೆ.

ಅವರ ಇನ್ನೊಂದು ಅಭ್ಯಾಸ ಊಟದ್ದು. ಎದುರಿಗೆ ಬಂದವರು ಯಾರೇ ಆಗಲಿ, 'ಉಂಡ್ರಾ?' ಎಂದೇ ಮಾತು ಶುರು. ತಾವು ಮಾತ್ರ ಹೊತ್ತು ಮೀರಿದ ಮೇಲೆ, ಕ್ರೇನಿನ ಸೀಟಿನಲ್ಲೇ ಕೂತು ಸ್ಟೀಲಿನ ಡಬ್ಬಿ ಬಿಚ್ಚುತ್ತಿದ್ದರು. ರೊಟ್ಟಿ, ಯಾವುದಾದರೂ ಪಲ್ಯ, ಶೇಂಗಾ ಚಟ್ನಿ. ಉಂಡ ತಕ್ಷಣ ಬಾಟಲಿ ನೀರಿನಲ್ಲಿ ಡಬ್ಬಿ ತೊಳೆದು, ನೀರು ಇಳಿಯಲೆಂದು ಸೀಟಿನ ಪಕ್ಕದ ಬಟ್ಟೆಯ ಮೇಲೆ ಬೋರಲು ಹಾಕುವರು. ಮನೆಗೆ ಒಯ್ದು ತೊಳೆದರೆ ಆಗದೇ ಎಂದು ನಾನು ಕಾಡಿಸುತ್ತಿದ್ದೆ. 

ಅವರ ಒಂದು ಪದ್ಧತಿಯಿಂದ ನನಗೂ ಅವರಿಗೂ ಆಗಾಗ ಜಟಾಪಟಿ ಆಗುತ್ತಿತ್ತು. ಅಪಘಾತದಲ್ಲಿ ಯಾರಾದರೂ ತೀರಿಕೊಂಡಿದ್ದರೆ, ಆ ಮನೆಯವರು ಬರುವ ತನಕ ಗಾಡಿಗೆ ಕ್ರೇನಿನ ಕೊಕ್ಕೆ ಹಾಕುತ್ತಿರಲಿಲ್ಲ. ದೇಹವನ್ನು ಆಂಬುಲೆನ್ಸು ಒಯ್ದಿರುತ್ತಿತ್ತು, ಪೊಲೀಸರ ಮಹಜರು ಮುಗಿದಿರುತ್ತಿತ್ತು. ರಸ್ತೆಗೆ ಅಡ್ಡವಿದ್ದರೆ ತಳ್ಳಿಯೋ ಎಳೆದೋ ಪಕ್ಕಕ್ಕೆ ಸರಿಸುತ್ತಿದ್ದರು, ವಾಹನ ಓಡಾಡಲು ಬಿಡುತ್ತಿದ್ದರು. ಆದರೆ ಅಲ್ಲಿಂದ ಒಯ್ಯುತ್ತಿರಲಿಲ್ಲ. ಮನೆಯವರು ಬಂದು ಗಾಡಿಯೊಳಗಿನ ಚಪ್ಪಲಿ, ಕನ್ನಡಕ, ದೇವರ ಫೋಟೋ, ಬುತ್ತಿ, ಏನಿದೆಯೋ ಅದನ್ನು ತಮ್ಮ ಕೈಯಾರೆ ತೆಗೆದುಕೊಂಡ ಮೇಲೆಯೇ ಕೊಕ್ಕೆ. ಅಲ್ಲಿಯವರೆಗೆ ಡ್ರೈವರು ಪಕ್ಕದಲ್ಲೇ ನಿಂತು ಕಾಯಬೇಕು. ಸಾಮಾನೆಲ್ಲ ಒಂದು ಚೀಲಕ್ಕೆ ತುಂಬಿ ಠಾಣೆಗೆ ಕೊಟ್ಟರೆ ಮುಗಿಯಿತಲ್ಲ ಎಂಬುದು ನನ್ನ ವಾದ. ಅಕ್ಕ ಬಳೆಯ ಮೇಲಿನ ರಬ್ಬರು ಪಟ್ಟಿ ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದರು. ವಾದ ಅಲ್ಲಿಗೆ ಮುಗಿಯುತ್ತಿತ್ತು.

ಹೀಗಿರುವಾಗ ವಿಮಾ ಕಂಪನಿಯಿಂದ ಮಾತು ಬಂತು. ನಮ್ಮ ಕೆಲಸದಲ್ಲಿ ದೊಡ್ಡ ಪಾಲು ಅವರು ಒಪ್ಪಿಸುತ್ತಿದ್ದ ಗಾಡಿಗಳದ್ದು. ಇನ್ನು ಮುಂದೆ ಫೋನಿನ ವ್ಯವಹಾರ ನಡೆಯದು, ನಿಮ್ಮ ಎರಡೂ ಕ್ರೇನುಗಳು ಎಲ್ಲಿವೆ, ಏನು ಮಾಡುತ್ತಿವೆ ಎಂಬುದು ನಮ್ಮ ಪರದೆಯ ಮೇಲೆ ಕಾಣಬೇಕು, ಈ ತಿಂಗಳೊಳಗೆ ಒಂದು ಸಾಫ್ಟ್‌ವೇರು ಹಾಕಿಸಿಕೊಳ್ಳಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಆ ಕೆಲಸ ಕೈತಪ್ಪಿದರೆ ಸೊರಬದ ಗಾಡಿ ಮಾರಬೇಕಿತ್ತು. ಅದರ ಡ್ರೈವರು ಮನೆಗೆ, ಬಹುಶಃ ನಾನೂ ಮನೆಗೆ. ನನಗೆ ಆಗಷ್ಟೇ ಮದುವೆಯಾಗಿತ್ತು. ಆ ತಿಂಗಳು ನಾನು ನೆಟ್ಟಗೆ ನಿದ್ದೆ ಮಾಡಲಿಲ್ಲ.

ಇಬ್ಬರು ತಮ್ಮ ತಮ್ಮ ಸಾಫ್ಟ್‌ವೇರು ತೋರಿಸಲು ಬಂದರು. ಮೊದಲನೆಯವನು ದೊಡ್ಡ ಕಂಪನಿಯವನು, ಬಿಳಿ ಅಂಗಿಯ ಮಾರಾಟಗಾರ. ಅವನದು ನೋಡಲು ಚೆಂದ. ಕರೆ ಬಂದ ಜಾಗ ಒತ್ತಿದರೆ ಸಾಕು, ಯಾವ ಗಾಡಿ ಹೋಗಬೇಕೆಂದು ಅದೇ ನಿರ್ಧರಿಸಿ ಡ್ರೈವರಿನ ಫೋನಿಗೆ ಹೇಳುತ್ತಿತ್ತು. ಡ್ರೈವರು ಒತ್ತಬೇಕಾದದ್ದು ನಾಲ್ಕೇ ಗುಂಡಿ: ಹೊರಟೆ, ತಲುಪಿದೆ, ಎತ್ತಿದೆ, ಇಳಿಸಿದೆ. ಎರಡನೆಯದು ದಾವಣಗೆರೆಯ ಒಬ್ಬ ಹೆಣ್ಣುಮಗಳು ತನ್ನ ಅಣ್ಣನ ಜೊತೆ ಸೇರಿ ಮಾಡಿದ್ದು. ಬಣ್ಣಗೆಟ್ಟ ಪರದೆ, ಒಂದೊಂದು ಪುಟ ತೆರೆಯಲೂ ಆಮೆನಡಿಗೆ. ಗುಂಡಿ ಅದರಲ್ಲೂ ನಾಲ್ಕೇ, ಆದರೆ ಗಾಡಿ ಕಳಿಸುವ ನಿರ್ಧಾರ ಫೋನಿನ ಮುಂದೆ ಕೂತವನದೇ. ನಾನು ಮೊದಲನೆಯದಕ್ಕೆ ಮನಸೋತಿದ್ದೆ. ಅಕ್ಕ, 'ಎರಡು ದಿನ ಓಡ್ಸಿ ನೋಡಾಣ' ಎಂದರು. ಆ ಎರಡು ದಿನ ಯಾರೂ ನಡುವೆ ಕೈ ಹಾಕಬಾರದು, ಅದರ ಪಾಡಿಗೆ ಅದು ಕೆಲಸ ಮಾಡಬೇಕು ಎಂದು ಮಾರಾಟಗಾರ ಕೇಳಿಕೊಂಡ. ಅಕ್ಕ ಒಪ್ಪಿದರು. ಅವನೂ ನಮ್ಮ ಶೆಡ್ಡಿನಲ್ಲೇ ಕೂತ.

ಎರಡನೆಯ ದಿನ ಬೆಳಿಗ್ಗೆ ಅಂಬ್ಲಿಗೊಳದ ರಸ್ತೆಯಲ್ಲಿ ಕಾರೊಂದು ಮರಕ್ಕೆ ಗುದ್ದಿತು. ಓಡಿಸುತ್ತಿದ್ದವರು ಅಲ್ಲೇ ತೀರಿಕೊಂಡಿದ್ದರು. ದೊಡ್ಡ ಗಾಡಿ ಹೋಯಿತು. ಅದರ ಡ್ರೈವರು ಅಕ್ಕನ ಕೈಕೆಳಗೆ ಪಳಗಿದ ಹಿರಿಯ. ಕಾರನ್ನು ಪಕ್ಕಕ್ಕೆ ಸರಿಸಿ ಕಾಯುತ್ತ ನಿಂತ. ಮನೆಯವರು ರಾಣೆಬೆನ್ನೂರಿನಿಂದ ಬರಬೇಕಿತ್ತು. 'ಎತ್ತಿದೆ' ಎಂದು ಒತ್ತದ ಕಾರಣ ಅವನ ಫೋನು ಆಗಾಗ ಕೂಗತೊಡಗಿತು. ಮನೆಯವರು ಬಂದಿಳಿದು, ಕಾರಿನ ಬಾಗಿಲು ಹಿಡಿದು ಅಳುತ್ತಿದ್ದಾಗಲೂ ಅದು ಕೂಗಿತು. ಅವನಿಗೆ ನಾಚಿಕೆಯಾಗಿ ಫೋನನ್ನೇ ಆರಿಸಿ, ಟೂಲ್ ಪೆಟ್ಟಿಗೆಯಲ್ಲಿಟ್ಟುಬಿಟ್ಟ.

ಸಾಫ್ಟ್‌ವೇರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ದೊಡ್ಡ ಗಾಡಿ ಕೈಕೊಟ್ಟಿದೆ ಎಂದುಕೊಂಡು, ಅದೇ ಕಾರನ್ನು ಎತ್ತಲು ಸೊರಬದ ಸಣ್ಣ ಗಾಡಿಗೆ ಅಪ್ಪಣೆ ಕೊಟ್ಟಿತು. ಅದರ ಡ್ರೈವರು ಹೊಸಬ. ಹೇಳಿದಂತೆ ಹೊರಟ. ಪರದೆಯ ಮೇಲೆ ಸಣ್ಣ ಗಾಡಿಯ ಚುಕ್ಕೆ ಸರಿಯುವುದನ್ನು ನಾನು ಅಕ್ಕನಿಗೆ ತೋರಿಸಿದೆ. ಅವರ ಹುಬ್ಬು ಗಂಟಿಕ್ಕಿತು. ಆದರೆ ಮಾತು ಕೊಟ್ಟಿದ್ದರಲ್ಲ, ಮಾರಾಟಗಾರನ ಕಡೆ ಒಮ್ಮೆ ನೋಡಿ ಸುಮ್ಮನಾದರು.

ಚುಕ್ಕೆ ಶಿರಾಳಕೊಪ್ಪ ದಾಟಿತ್ತು. ಆಗ ಜಡೆಯಿಂದ ಕರೆ ಬಂತು.

ಅಡಿಕೆ ಮೂಟೆ ಹೇರಿದ್ದ ಪಿಕಪ್ ಗಾಡಿಯೊಂದು ಗದ್ದೆ ಪಕ್ಕದ ಕಾಲುವೆಗೆ ಮಗುಚಿತ್ತು. ಕರೆ ಮಾಡಿದವನು ದಾರಿಹೋಕ. 'ಡ್ರೈವರ್ ಒಳಗೇ ಇದಾನೆ ಮಾರಾಯ್ರೇ. ಕಾಲು ಸಿಕ್ಕಿಬಿದ್ದಿದೆ. ಮೇಲೆ ಕೆರೆ ತೂಬು ಬಿಟ್ಟಿದಾರೆ, ನೀರು ಏರ್ತಾ ಇದೆ.' ಎಷ್ಟು ನೀರು ಎಂದು ಕೇಳಿದೆ. ಎದೆಮಟ್ಟ ಎಂದ. ನಾನು ಜಾಗ ಒತ್ತಿದೆ. ಸಣ್ಣ ಗಾಡಿ ಬೇರೆ ಕೆಲಸದಲ್ಲಿದೆ, ಈ ಕರೆ ಸರದಿಯಲ್ಲಿದೆ ಎಂದು ಪರದೆಯ ಮೇಲೆ ಬಂತು. ಸೊರಬದಲ್ಲೇ ನಿಂತಿದ್ದರೆ ಆ ಗಾಡಿಗೆ ಜಡೆ ಹತ್ತಿರವಾಗುತ್ತಿತ್ತು.

'ಅದನ್ನ ಬಂದ್ ಮಾಡು' ಎಂದರು ಅಕ್ಕ. ಮಾರಾಟಗಾರ ಏನೋ ಹೇಳಲು ಬಾಯಿ ತೆರೆದ. ಅಕ್ಕ ಅವನತ್ತ ತಿರುಗಲೂ ಇಲ್ಲ. ನನ್ನ ಕೈಯಿಂದ ಫೋನು ತೆಗೆದುಕೊಂಡರು. ನಾನು ಇನ್ನೊಂದು ಫೋನಿನಲ್ಲಿ ಸಣ್ಣ ಗಾಡಿಯನ್ನು ಹಿಂದಕ್ಕೆ ತಿರುಗಿಸಿದೆ. ಆಂಬುಲೆನ್ಸಿಗೆ ಮಾರಾಟಗಾರನೇ ಕರೆ ಮಾಡಿದ.

ಅಕ್ಕ ದಾರಿಹೋಕನಿಗೆ ಒಂದೊಂದೇ ಹೇಳುತ್ತ ಹೋದರು. ದನಿ ಒಂದಿಷ್ಟೂ ಏರಲಿಲ್ಲ. ಒಬ್ಬನನ್ನು ಬೈಕಿನಲ್ಲಿ ಓಡಿಸಿ ಕೆರೆಯ ತೂಬು ಮುಚ್ಚಿಸಿ. ಗದ್ದೆಯಲ್ಲಿ ಯಾರದಾದರೂ ಟ್ರ್ಯಾಕ್ಟರ್ ಇದ್ದರೆ ತನ್ನಿ, ಸರಪಳಿಯನ್ನು ಬಂಪರಿಗೆ ಬೇಡ, ಚಕ್ರದ ಅಚ್ಚಿಗೆ ಕಟ್ಟಿ. ಎಳೆಯಬೇಡಿ, ಗಾಡಿ ಇನ್ನೂ ಮಗುಚದಂತೆ ಬಿಗಿಹಿಡಿದು ನಿಲ್ಲಿ, ಅಷ್ಟೇ. ಮೂಟೆಗಳನ್ನು ಕಡಿದು ನೀರಿಗೆ ಬಿಡಿ, ಅಡಿಕೆ ಹೋದರೆ ಹೋಗಲಿ. ಇಷ್ಟು ಹೇಳಿ, ಫೋನನ್ನು ಒಳಗಿರುವವನ ಕಿವಿಗೆ ಹಿಡಿಯಲು ಹೇಳಿದರು.

ಆಮೇಲೆ ನಾನು ಕೇಳಿದ ಮಾತುಗಳನ್ನು ಮರೆಯುವುದು ಸಾಧ್ಯವಿಲ್ಲ.

'ಉಂಡ್ಯೇನಪ್ಪ?'

ಆ ಕಡೆಯ ಕ್ಷೀಣ ದನಿಯ ಮಾತು ನನಗೆ ತಿಳಿಯಲಿಲ್ಲ.

'ಇಲ್ವಾ? ಬುತ್ತಿ ತಂದಿಯಲ್ಲ? ಏನ್ ಕಟ್ಟಿ ಕೊಟ್ಟಾರೆ ಮನೇಲಿ?... ಚಿತ್ರಾನ್ನ. ಶೇಂಗಾ ಹಾಕ್ಯಾರಾ? ಡಬ್ಬಿ ಎಲ್ಲೈತೆ, ಕಾಣ್ತದಾ?... ಕಣ್ಣು ಮುಚ್ಚಬ್ಯಾಡ. ಡಬ್ಬಿ ನೋಡ್ತಾ ಇರು. ಗಾಡಿ ಬರ್ತಾ ಐತೆ. ಹೊರಗೆ ಬಂದು ಅದನ್ನ ಉಣ್ಣೋನು ನೀನೇ.'

ಸಣ್ಣ ಗಾಡಿ ತಲುಪುವ ತನಕ ಅಕ್ಕ ಅವನನ್ನು ಹೀಗೇ ಮಾತಾಡಿಸುತ್ತಲೇ ಇದ್ದರು. ಮನೆಯಲ್ಲಿ ಯಾರು ಯಾರಿದ್ದಾರೆ, ಒಗ್ಗರಣೆಗೆ ಏನು ಹಾಕುತ್ತಾರೆ, ನಿಂಬೆಹಣ್ಣು ಗಿಡದ್ದೋ ಸಂತೆಯದ್ದೋ. ನಡುವೆ ಒಮ್ಮೆ ಅವನ ದನಿ ನಿಂತುಹೋಯಿತು. ಅಕ್ಕ ಎಡಗೈಯಿಂದ ನನ್ನ ಮೇಜಿನ ಅಂಚು ಹಿಡಿದುಕೊಂಡರು, ಆದರೆ ಮಾತು ನಿಲ್ಲಿಸಲಿಲ್ಲ. ಮತ್ತೆ ಅವನ ನರಳಿಕೆ ಕೇಳಿದಾಗ ಮೇಜು ಬಿಟ್ಟರು. ತೂಬು ಮುಚ್ಚಿದ್ದರಿಂದ ನೀರು ಕುತ್ತಿಗೆಗೆ ಬಂದು ನಿಂತಿತ್ತಂತೆ. ಕ್ರೇನು ಗಾಡಿಯನ್ನು ಎತ್ತಿತು, ಊರವರು ಅವನನ್ನು ಎಳೆದುಕೊಂಡರು. ಬದುಕಿದ. ಕಾಲು ಉಳಿಯಿತು, ನಡಿಗೆಯಲ್ಲಿ ಕುಂಟು ಉಳಿಯಿತು.

ಸಂಜೆ ಮಾರಾಟಗಾರ ತುಂಬ ಮೆತ್ತಗೆ ಮಾತಾಡಿದ. ತಪ್ಪು ಸಾಫ್ಟ್‌ವೇರಿನದಲ್ಲ, ನಿಮ್ಮ ಡ್ರೈವರು ಫೋನು ಆರಿಸಬಾರದಿತ್ತು ಎಂದ. ಅದು ನಿಜವೇ ಆಗಿತ್ತು. ಹಿರಿಯ ಡ್ರೈವರು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಅಕ್ಕ ಒಪ್ಪಿಕೊಂಡರು. 'ತಪ್ಪು ನಮ್ಮೋನದೇ ಕಣ್ರೀ. ಆದ್ರೆ ನಾಳೆ ಇಂಥದ್ದೇ ಆದ್ರೂ ಅವ್ನು ಫೋನ್ ಆರಿಸ್ತಾನೆ. ಅಳೋರ ಮುಂದೆ ಅದು ಕೂಗಿದ್ರೆ ನಾನೂ ಆರಿಸ್ತೀನಿ. ನಿಮ್ಮದ್ರಾಗೆ ಇನ್ನೊಂದು ಗುಂಡಿ ಇಡ್ರಿ. ಕಾಯ್ತಾ ಇದೀವಿ ಅಂತ.'

ಅಂಥ ಗುಂಡಿ ಇಡಬೇಕೇ ಬೇಡವೇ ಎಂಬುದು ತನ್ನ ಕೈಯಲ್ಲಿಲ್ಲ, ಅದಿದ್ದರೆ ಡ್ರೈವರುಗಳೆಲ್ಲ ಚಹಾ ಕುಡಿಯುತ್ತ ಅದನ್ನೇ ಒತ್ತುತ್ತಾರೆ ಎಂದು ಅವನು ಕೈಚೆಲ್ಲಿದ. ದಾವಣಗೆರೆಯ ಹೆಣ್ಣುಮಗಳಿಗೆ ಫೋನು ಮಾಡಿದೆವು. ನಾಳೆಯೇ ಇಡುತ್ತೇನೆ, ಆದರೆ ವಿಮಾ ಕಂಪನಿ ಅದನ್ನು ಒಪ್ಪದಿದ್ದರೆ ನಿಮಗೆ ಕಷ್ಟ ಎಂದು ಅವಳು ನೇರವಾಗಿಯೇ ಹೇಳಿದಳು. ತಿಂಗಳು ಮುಗಿಯುತ್ತ ಬಂದಿತ್ತು. ದೊಡ್ಡ ಕಂಪನಿಯದನ್ನೇ ತೆಗೆದುಕೊಳ್ಳೋಣ, ಸತ್ತವರ ಸಾಮಾನನ್ನು ಚೀಲಕ್ಕೆ ಹಾಕಿಕೊಡೋಣ ಎಂದು ಮತ್ತೆ ಹಟ ಹಿಡಿದೆ. ನನ್ನ ಮನೆಯ ಬಾಡಿಗೆ, ಹೆಂಡತಿ, ಎಲ್ಲ ಹೇಳಿದೆ. ಅಕ್ಕ ನನ್ನನ್ನು ಬೈಯಲಿಲ್ಲ. 'ವಿಮೆ ಸಾಹೇಬ್ರು ಬರ್ಲಿ ತಡಿ ತಮ್ಮ' ಎಂದರು.

ವಿಮಾ ಕಂಪನಿಯ ಅಧಿಕಾರಿ ಯಾರ್ಡಿಗೆ ಬಂದರು. ಅಕ್ಕ ಅವರನ್ನೂ ಉಂಡ್ರಾ ಎಂದು ಕೇಳಿ, ಕೂರಿಸಿ, ದಾವಣಗೆರೆಯದನ್ನು ತೋರಿಸಲು ನನಗೆ ಹೇಳಿದರು. ಅಧಿಕಾರಿ 'ಕಾಯುತ್ತಿದ್ದೇವೆ' ಎಂಬ ಐದನೆಯ ಗುಂಡಿಯ ಮೇಲೆ ಬೆರಳಿಟ್ಟು, ಇದೇನು, ಎಷ್ಟು ಹೊತ್ತು ಕಾಯುತ್ತೀರಿ, ಯಾಕೆ ಕಾಯುತ್ತೀರಿ ಎಂದರು. ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಅಕ್ಕ ಆಗ ಹೇಳಿದರು. ಹೇಳುವಾಗ ಅವರು ಅಧಿಕಾರಿಯನ್ನಾಗಲಿ ನನ್ನನ್ನಾಗಲಿ ನೋಡುತ್ತಿರಲಿಲ್ಲ.

'ನನ್ ತಮ್ಮ ಆನವಟ್ಟಿ ಸಂತೆಗೆ ಲಗೇಜ್ ಆಟೋ ಹೊಡೀತಿದ್ದ. ಲಾರಿ ಗುದ್ದಿ ಹೋಗ್ಬಿಟ್ಟ. ನಾವು ಹೋಗೋದ್ರೊಳಗೆ ಯಾರೋ ಗಾಡಿ ಎತ್ಕಂಡು ಹೋಗಿದ್ರು. ಒಳಗಿದ್ದ ಚಪ್ಪಲಿ ಸಿಗಲಿಲ್ಲ, ಬುತ್ತಿ ಡಬ್ಬಿ ಸಿಗಲಿಲ್ಲ. ಎಲ್ಲಾ ಕಡೆ ತಿರುಗಿದೆ. ಅವತ್ತು ನಮ್ಮವ್ವನೇ ಬುತ್ತಿ ಕಟ್ಟಿದ್ಲು. ಸಾಯೋವರೆಗೂ ಒಂದೇ ಕೇಳ್ತಿದ್ಲು. ಅವ್ನು ಉಂಡಿದ್ನೇನೇ? ಹಸ್ಕಂಡೇ ಹೋದ್ನೇನೇ? ನಾನೇನಂತ ಹೇಳ್ಲಿ ಸಾಹೇಬ್ರೆ. ಡಬ್ಬಿ ನೋಡಿದ್ರೆ ಗೊತ್ತಾಗೋದು.'

ಅಕ್ಕ ಉಂಡ ಕೂಡಲೇ ಡಬ್ಬಿ ತೊಳೆದಿಡುವುದು ಯಾಕೆಂದು ನನಗೆ ಅರ್ಥವಾಗಿ, ಎದ್ದು ಹೊರಗೆ ಹೋದೆ. ಮರಳಿ ಬಂದಾಗ ಅಧಿಕಾರಿ ಕಂಪನಿಯ ಮಾತಿಗೆ ಹಿಂತಿರುಗಿದ್ದರು. ಕಾಯುವ ಹೊತ್ತಿಗೆ ನಾವು ಬಿಡಿಗಾಸೂ ಕೊಡುವುದಿಲ್ಲ, ಒಂದು ಗಾಡಿ ಕಾಯುತ್ತಿರುವಾಗ ಇನ್ನೊಂದು ಗಾಡಿ ಬಿಡುವಾಗಿಯೇ ಇರಬೇಕು, ಮೇಲಿನವರಿಗೆ ಬರೆದು ನೋಡುತ್ತೇನೆ ಎಂದರು. ಉತ್ತರ ಬರುವ ತನಕ ನಾವು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಕೊನೆಗೆ ಒಪ್ಪಿಗೆ ಬಂತು. ಅಧಿಕಾರಿ ಏನು ಬರೆದರೋ, ಯಾರಿಗೆ ಬರೆದರೋ, ನಮಗೆ ತಿಳಿಯಲಿಲ್ಲ.

ಆ ಬಣ್ಣಗೆಟ್ಟ ಪರದೆಯ ಮುಂದೆಯೇ ನಾನು ಈಗಲೂ ಕೂರುತ್ತೇನೆ. ಹಿರಿಯ ಡ್ರೈವರು ಹೊಸ ಗುಂಡಿಯನ್ನು ಚಹಾ ಕುಡಿಯಲು ಒಮ್ಮೆಯೂ ಒತ್ತಲಿಲ್ಲ. ಹೊಸಬ ಒಮ್ಮೆ ಒತ್ತಿ ಸಿಕ್ಕಿಬಿದ್ದ, ಅಕ್ಕನಿಂದ ಚೆನ್ನಾಗಿ ಬೈಸಿಕೊಂಡ.

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಅಕ್ಕ ದೊಡ್ಡ ಗಾಡಿಯಲ್ಲಿ ಆನವಟ್ಟಿಗೆ ಕಾರೊಂದನ್ನು ಇಳಿಸಿ ಮರಳುತ್ತಿದ್ದರು. ಪರದೆಯ ಮೇಲಿನ ಚುಕ್ಕೆ ರಸ್ತೆ ಬದಿಗೆ ಸರಿದು ನಿಂತಿತು. ಊಟಕ್ಕಿರಬೇಕು ಎಂದುಕೊಂಡೆ. ಚುಕ್ಕೆ ಮತ್ತೆ ಚಲಿಸಲಿಲ್ಲ, ಅಕ್ಕ ಫೋನು ಎತ್ತಲಿಲ್ಲ. ಸೊರಬದಿಂದ ಸಣ್ಣ ಗಾಡಿಯನ್ನು ಕಳಿಸಿ, ನಾನೂ ಬೈಕಿನಲ್ಲಿ ಹೊರಟೆ. ಗಾಡಿ ರಸ್ತೆಯಿಂದ ಪೂರ್ತಿ ಕೆಳಗಿಳಿದು ಅಚ್ಚುಕಟ್ಟಾಗಿ ನಿಂತಿತ್ತು, ಸಿಗ್ನಲ್ ದೀಪ ಮಿನುಗುತ್ತಿತ್ತು. ಅಕ್ಕ ಸ್ಟೇರಿಂಗಿನ ಮೇಲೆ ಒರಗಿದ್ದರು. ಆಂಬುಲೆನ್ಸಿನವರು ಆಸ್ಪತ್ರೆಗೆ ಒಯ್ದರು. ಹೃದಯ ನಿಂತು ಹೊತ್ತಾಗಿದೆ ಎಂದರಂತೆ ವೈದ್ಯರು.

ನಾನು ಆಸ್ಪತ್ರೆಗೆ ಹೋಗಲಿಲ್ಲ. ಗಾಡಿಯ ಬಳಿಯೇ ನಿಂತೆ. ಚಾವಿ ತಿರುಗಿಸಿದರೆ ಸ್ಟಾರ್ಟ್ ಆಗುವ ಗಾಡಿ, ಯಾರು ಬೇಕಾದರೂ ಯಾರ್ಡಿಗೆ ತರಬಹುದಿತ್ತು. ಅಕ್ಕನ ಗಂಡ ಹರಿಹರದ ಆಚೆ ಕುರಿಗಳ ಜೊತೆ ಇದ್ದರು. ಕುರಿಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ, ಆಸ್ಪತ್ರೆಗೆ ಹೋಗಿ ಹೆಂಡತಿಯ ಮುಖ ನೋಡಿ, ಇಲ್ಲಿಗೆ ಬರಬೇಕಿತ್ತು. ನಾನು ಫೋನು ತೆಗೆದು ಅಕ್ಕನ ಗಾಡಿಯ ಹೆಸರಿನ ಮುಂದೆ ಐದನೆಯ ಗುಂಡಿ ಒತ್ತಿದೆ. ಕಾಯುತ್ತಿದ್ದೇವೆ ಎಂದು ಬಂತು. ಸಣ್ಣ ಗಾಡಿಯ ಡ್ರೈವರೂ ಇಳಿದು ಬಂದು ನನ್ನ ಪಕ್ಕ ನಿಂತ. ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, ಗಾಡಿ ಕೆಟ್ಟಿದೆಯಾ ಎಂದು ಕೇಳಿದರು. ಇಲ್ಲ ಎಂದೆ.

ಬಿಸಿಲು ಇಳಿದ ಮೇಲೆ ಅಕ್ಕನ ಗಂಡ ಬಂದರು. ಹೆಗಲ ಮೇಲೆ ಕಂಬಳಿ ಹಾಗೇ ಇತ್ತು. ಅಕ್ಕನ ಆ ರಬ್ಬರು ಪಟ್ಟಿಯನ್ನು ಆಸ್ಪತ್ರೆಯಲ್ಲಿ ಕೊಟ್ಟಿರಬೇಕು, ಅದು ಅವರ ಬೆರಳುಗಳಲ್ಲಿ ಸಿಕ್ಕಿಕೊಂಡಿತ್ತು. ಯಾರನ್ನೂ ಮಾತಾಡಿಸದೆ ಗಾಡಿ ಹತ್ತಿದರು. ಚಪ್ಪಲಿ ತೆಗೆದುಕೊಂಡರು, ಕೈಚೀಲ ತೆಗೆದುಕೊಂಡರು. ಸೀಟಿನ ಪಕ್ಕದ ಬಟ್ಟೆಯ ಮೇಲೆ ಡಬ್ಬಿ ಬೋರಲಾಗಿತ್ತು. ಅದನ್ನು ಎತ್ತಿ, ಒಳಗೆ ಬೆರಳಾಡಿಸಿ, ಬೆಳಕಿಗೆ ಹಿಡಿದು ನೋಡಿದರು.

'ಉಂಡಾಳೆ' ಎಂದರು ನನ್ನ ಕಡೆ ತಿರುಗಿ. ಆಮೇಲೆ ಡಬ್ಬಿಯನ್ನು ಕಂಬಳಿಯೊಳಗೆ ಇಟ್ಟುಕೊಂಡು ಕೆಳಗಿಳಿದರು. 'ಇನ್ನ ತಗಂಡ್ ಹೋಗ್ರಪ್ಪ.'